ಗೋಡೆಯ ಫೋನು, ಕೈಯ ಫೋನು

ಗೋಡೆಯ ಟೆಲಿಫೋನಿಗೂ ಕೈಯ ಮೊಬೈಲಿಗೂ ದಾರಿ ಬೇರೆಬೇರೆಯೆಂದು ನಾವೆಲ್ಲರೂ ಭಾವಿಸಿದ್ದ ಕಾಲವೊಂದಿತ್ತು. ಈಗ ಅವು ಒಂದಾಗುತ್ತಿರುವುವು. ಶೆಟ್ಟಿಹಳ್ಳಿಯಂತಹ ಬಡಾವಣೆಯಲ್ಲಿ ಫೈಬರೆಂಬ ಗಾಜಿನ ಎಳೆಯು ಬಂದಿರುವ ಮನೆಯೊಳಗೆ, ಮೊಬೈಲಿನ ಮಾತೂ ವೈಫೈ ಮೂಲಕ ಅದೇ ಎಳೆಯನ್ನು ಹಿಡಿದು ಸಾಗಬಲ್ಲದು. ನಮ್ಮ ದೇಶದಲ್ಲಿ ಈ ಸೌಕರ್ಯವನ್ನು ಏರ್‌ಟೆಲ್ 2019ರ ಡಿಸೆಂಬರಿನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ಆರಂಭಿಸಿದುವು. ಟವರಿನ ಸಿಗ್ನಲ್ ಎಟುಕದ ಒಳಕೋಣೆಯಲ್ಲಿಯೂ ಮಾತು ಸ್ಪಷ್ಟವಾಗಿ ಕೇಳಿಸುವುದು ಇದರ ಲಾಭ.

ಆದರೆ ಗೃಹಸ್ಥರು ಮರೆಯಬಾರದ ಸಂಗತಿಯೊಂದುಂಟು. ಹಳೆಯ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ, ಸುಮಾರು 48 ವೋಲ್ಟಿನಷ್ಟು, ತಾಮ್ರದ ತಂತಿಯಲ್ಲಿಯೇ ಬರುತ್ತಿತ್ತು. ಮನೆಯ ದೀಪವಾರಿದರೂ ಫೋನು ಮೂಕವಾಗುತ್ತಿರಲಿಲ್ಲ. ಗಾಜಿನ ಎಳೆಯಾದರೋ ಬೆಳಕನ್ನು ಒಯ್ಯುವುದೇ ಹೊರತು ವಿದ್ಯುತ್ತನ್ನಲ್ಲ. ಕರೆಂಟು ಹೋದೊಡನೆ ಮೋಡೆಮ್ ನಿಲ್ಲುವುದು. ಅದರೊಡನೆ ಗೋಡೆಯ ಫೋನೂ, ಸಿಗ್ನಲಿಲ್ಲದ ಕೋಣೆಯ ಮೊಬೈಲೂ ಏಕಕಾಲದಲ್ಲಿ ಸುಮ್ಮನಾಗುವುವು. ಮನೆಯಲ್ಲಿ ಒಬ್ಬರೇ ಇರುವ ವೃದ್ಧರಿಗೆ ಆ ಗಳಿಗೆಯಲ್ಲಿ ಎದೆನೋವು ಕಾಣಿಸಿದರೆ ಗತಿಯೇನು?

ಆದಕಾರಣ ಮೋಡೆಮಿಗೆ ತಕ್ಕ ಚಿಕ್ಕ ಬ್ಯಾಟರಿಯೊಂದನ್ನು ಜೋಡಿಸಿರಿ. ವೈಫೈ ಆರಿಸಿದಾಗ ಮೊಬೈಲಿಗೆ ಸಿಗ್ನಲ್ ಯಾವ ಮೂಲೆಯಲ್ಲಿ ದೊರೆಯುವುದೆಂದು ಹಗಲಿನಲ್ಲಿಯೇ ಪರೀಕ್ಷಿಸಿ, ಹಿರಿಯರಿಗೆ ಆ ಜಾಗವನ್ನು ತೋರಿಸಿಡಿರಿ. ತುರ್ತಿನ ಸಂಖ್ಯೆಯಾದ 112ನ್ನು ದಪ್ಪಕ್ಷರದಲ್ಲಿ ಬರೆದು ಅಲ್ಲಿಯೇ ಅಂಟಿಸಿರಿ.