ಹಸಿವನ್ನು ಮರೆತ ಹಳಹಳಿಕೆ

ಜಪಾನಿನಲ್ಲಿ ಹಳೆಯ ಟೆಲಿವಿಷನ್ ಜಾಹೀರಾತಿನ ಹಾಡುಗಳನ್ನು ಹುಡುಕಿ ತೆಗೆದು, ಧ್ವನಿಮುದ್ರಿಕೆಗಳಾಗಿ ಮಾರುವ ವ್ಯವಹಾರ ಬಹುಕಾಲದಿಂದ ನಡೆದಿದೆ. ಶೀತದ ಮಾತ್ರೆ, ವಿದ್ಯುದ್ದೀಪ, ಉಡುಪು, ಹೋಟೆಲು ಇವುಗಳ ಮೇಲೆ ಕಟ್ಟಿದ ಹಾಡುಗಳು. ಎಷ್ಟೋ ಹಾಡುಗಳು ಅರ್ಧ ನಿಮಿಷವೂ ಇಲ್ಲ. ಆದರೂ ಕೇಳಿದ ಮುದುಕರ ಕಣ್ಣು ಒದ್ದೆಯಾಗುತ್ತದೆ. ಆಗ ಹುಟ್ಟೇ ಇರದ ಹುಡುಗರು ಸಹ ‘ಶೋವಾ ಕಾಲ’ ಎಂದು ನಿಟ್ಟುಸಿರು ಬಿಡುತ್ತಾರೆ. ಶೋವಾ ಎಂದರೆ ಹಿರೋಹಿತೋ ಚಕ್ರವರ್ತಿಯ ಆಳ್ವಿಕೆ, 1926ರಿಂದ 1989ರವರೆಗಿನದು.

ಈ ಹಾಡುಗಳ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ವ್ಯಾಪಾರಿಯ ಕೂಗಿಗೆ ಹಾಡೆಂಬ ಗೌರವವೇಕೆ ಎನ್ನುವುದು ಒಂದು. ಇಂಥ ಹಾಡು ಹುಟ್ಟಿದ ಕಾಲವೇ ಕಾಲ, ಆಗ ಬದುಕು ಎಷ್ಟು ಸರಳವಾಗಿತ್ತು, ಜನ ಎಷ್ಟು ಒಳ್ಳೆಯವರಾಗಿದ್ದರು ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ಹಣ ಕೊಟ್ಟವನೊಬ್ಬನಿದ್ದ ಮಾತ್ರಕ್ಕೆ ಹಾಡು ಸುಳ್ಳಾಗುವುದಾದರೆ, ಅರಿಕೇಸರಿಯ ಆಶ್ರಯದಲ್ಲಿದ್ದು ಅವನನ್ನೇ ಅರ್ಜುನನಲ್ಲಿ ಕಂಡ ಪಂಪನ ಗತಿಯೇನು? ಪಂಪನಿಗೂ ಮಾತ್ರೆಯ ಹಾಡಿಗೂ ಸಾಟಿಯೆಂದು ಹೇಳುತ್ತಿಲ್ಲ. ಧಣಿಯ ಹೆಸರು ಹೇಳಿ ಕೃತಿಯನ್ನು ತಳ್ಳಿಹಾಕುವ ವಾದ ನಿಲ್ಲದು ಎನ್ನುತ್ತೇನೆ, ಅಷ್ಟೆ. ಜಪಾನಿನಲ್ಲಿ ಖಾಸಗಿ ರೇಡಿಯೋ ಪ್ರಾರಂಭವಾದದ್ದು 1951ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಮಿಕಿ ತೊರಿರೋ ಎಂಬಾತ ಫೋಟೋ ಫಿಲ್ಮಿನ ಕಂಪೆನಿಯೊಂದಕ್ಕಾಗಿ ಹವ್ಯಾಸಿ ಛಾಯಾಗ್ರಾಹಕನ ಮೇಲೆ ಒಂದು ತಮಾಷೆಯ ಹಾಡು ಕಟ್ಟಿದ. ಆ ದೇಶದ ಮೊದಲ ಜಾಹೀರಾತು ಹಾಡೆಂದು ಹೆಸರಾದ ಇದರಲ್ಲಿ ಕಂಪೆನಿಯ ಹೆಸರೇ ಇಲ್ಲ! ಈ ಮಿಕಿ ಅದೇ ದಿನಗಳಲ್ಲಿ ರೇಡಿಯೋದಲ್ಲಿ ಸರ್ಕಾರವನ್ನು ಗೇಲಿಮಾಡಿ ಮಂತ್ರಿಗಳ ಕಣ್ಣು ಕೆಂಪಾಗಿಸಿದವನು. 1953ರಲ್ಲಿ ಟೆಲಿವಿಷನ್ ಬಂದಮೇಲೆ ಈತನೂ ಈತನ ಶಿಷ್ಯರೂ ಅಲ್ಲಿಗೂ ಹಾಡು ಒದಗಿಸಿದರು.

ಅಂಗಡಿ ಮುಚ್ಚಿದ ಮೇಲೂ ಹಾಡು ಉಳಿದಿದೆ ಎಂಬುದನ್ನು ನೋಡಿ. ಕೊಬಾಯಾಶಿ ಆಸೇಯಿ 1961ರಲ್ಲಿ ರೆನೌನ್ ಎಂಬ ಉಡುಪಿನ ಕಂಪೆನಿಗೆ ಹಾಡು ಮಾಡಿಕೊಟ್ಟ. ಕಂಪೆನಿ 2020ರಲ್ಲಿ ದಿವಾಳಿಯಾಯಿತು, ಹಾಡು ಆಗಲಿಲ್ಲ. ಮಿಕಿ ಕೊಂಡಾಡಿದ ‘ನ್ಯಾಷನಲ್’ ಎಂಬ ಹೆಸರನ್ನು 2008ರಲ್ಲಿ ಒಡೆಯರೇ ಕೈಬಿಟ್ಟು ಪ್ಯಾನಸೋನಿಕ್ ಎಂದು ಕರೆದುಕೊಂಡರು. 1973ರಲ್ಲಿ ಇತೋ ಅಕಿರಾ ಬರೆದು ಕೊಬಾಯಾಶಿ ರಾಗ ಹಾಕಿದ ಹಿಟಾಚಿಯ ಹಾಡು ಯಂತ್ರದ ಮಾತನ್ನೇ ಎತ್ತದೆ ಒಂದು ಮರವನ್ನು ಕುರಿತು ಕುತೂಹಲಪಡುತ್ತದೆ. ಚಿತ್ರದಲ್ಲಿ ಕಾಣುವ ಹವಾಯಿಯ ಆ ಮರ ನಮ್ಮ ಬೆಂಗಳೂರಿನ ರಸ್ತೆಗಳಿಗೆ ನೆರಳು ಕೊಡುವ ಮಳೆಮರದ ಜಾತಿಯದೇ. ಇವು ಹಾಡುಗಳಲ್ಲವೆನ್ನುವವರು ಹಾಡಿಗೆ ಬೇರೆ ಯಾವ ಪರೀಕ್ಷೆ ಒಡ್ಡುತ್ತಾರೋ ತಿಳಿಯದು.

ಆದರೆ ಎರಡನೆಯ ಮಾತು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ.

ಇತೋ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಹಾತೊಯಾ ಎಂಬ ಹೋಟೆಲಿದೆ. 1961ರಲ್ಲಿ ಹುಟ್ಟಿದ ಅದರ ಹಾಡಿನಲ್ಲಿ ಹೋಟೆಲಿನ ಟೆಲಿಫೋನ್ ಸಂಖ್ಯೆಯೂ ಸೇರಿದೆ: 4126. ಜಪಾನೀ ಭಾಷೆಯಲ್ಲಿ ಈ ಅಂಕಿಗಳನ್ನು ‘ಒಳ್ಳೆಯ ಸ್ನಾನ’ ಎಂದು ಓದಬಹುದು. ಬರೆದವನು ಮಿಕಿಯ ಬಳಿ ಕೆಲಸ ಕಲಿತ ನೊಸಾಕಾ ಅಕಿಯುಕಿ. 1945ರಲ್ಲಿ ಕೋಬೆ ನಗರದ ಮೇಲೆ ಬಾಂಬು ಸುರಿದಾಗ ಆತ ಸಾಕುತಂದೆಯನ್ನು ಕಳೆದುಕೊಂಡ. ಪುಟ್ಟ ತಂಗಿ ಹೊಟ್ಟೆಗಿಲ್ಲದೆ ಸೊರಗಿ ಅದೇ ವರ್ಷ ಸತ್ತಳು. ಆಗ ಅವನಿಗೆ ಹದಿನಾಲ್ಕು. ಆ ತಂಗಿಯ ನೆನಪಿನಲ್ಲಿ 1967ರಲ್ಲಿ ಆತ ಬರೆದ ‘ಮಿಂಚುಹುಳುಗಳ ಗೋರಿ’ ಇಂದು ಜಗತ್ತಿಗೆಲ್ಲ ಗೊತ್ತು. 1988ರಲ್ಲಿ ಅದು ಚಲನಚಿತ್ರವೂ ಆಯಿತು. ಹೋಟೆಲಿನ ಸುಖಸ್ನಾನವನ್ನು ಹಾಡಿದ ಕೈಯೂ ಹಸಿದು ಸತ್ತ ಮಗುವಿನ ಕಥೆ ಬರೆದ ಕೈಯೂ ಒಂದೇ.

ಹೊಟ್ಟೆ ತುಂಬಿದವನಿಗೆ ಬಿಸಿನೀರಿನ ಸ್ನಾನವೂ ಮನೆಯ ದೀಪವೂ ಹಾಡಿನ ವಸ್ತುಗಳಲ್ಲ. ವಾಯುದಾಳಿಯ ಭಯದಿಂದ ದೀಪ ಮರೆಮಾಡಿ ಕುಳಿತ ರಾತ್ರಿಗಳನ್ನು ಕಂಡವರಿಗೆ ದೀಪದ ಹಾಡು ಮಂಗಳಾರತಿಯಾಗಿ ಕೇಳಿಸಿತು. 1950ರ ದಶಕದ ಕೊನೆಗೆ ಜಪಾನೀಯರು ಟೆಲಿವಿಷನ್, ಬಟ್ಟೆ ಒಗೆಯುವ ಯಂತ್ರ, ರೆಫ್ರಿಜರೇಟರ್ ಈ ಮೂರನ್ನೂ ‘ಮೂರು ದಿವ್ಯ ನಿಧಿಗಳು’ ಎಂದು ತಮಾಷೆಯಾಗಿ ಕರೆದರು. ಅದು ಚಕ್ರವರ್ತಿಯ ಕನ್ನಡಿ, ಕತ್ತಿ, ಮಣಿಗಳಿಗೆ ಸಲ್ಲುವ ಹೆಸರು. ಚಕ್ರವರ್ತಿಯ ಹೆಸರಿನಲ್ಲಿ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ ಜನ ಹದಿನೈದು ವರ್ಷ ಕಳೆಯುವುದರೊಳಗೆ ಆ ಹೆಸರನ್ನು ಅಡಿಗೆಮನೆಯ ಪೆಟ್ಟಿಗೆಗೆ ಇಟ್ಟು ನಕ್ಕರು. ಆ ನಗೆಯ ಹಿಂದೆ ಎಷ್ಟು ನೋವಿತ್ತೆಂದು ಹಳಹಳಿಸುವವರು ಕೇಳಿಕೊಂಡಿದ್ದಾರೆಯೆ?

ಮತ್ತೊಂದು ಲೆಕ್ಕವಿದೆ. ಮಿನಮಾತ ಊರಿನಲ್ಲಿ ವಿಚಿತ್ರ ರೋಗ ಕಾಣಿಸಿಕೊಂಡಿದೆಯೆಂದು ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಚಿಸ್ಸೋ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ನಡುವಣ ಹನ್ನೆರಡು ವರ್ಷ ಬೆಸ್ತರ ಮಕ್ಕಳು ಕೈಕಾಲು ತಿರುಚಿಕೊಂಡು ನರಳಿದರು. ಅವೇ ವರ್ಷಗಳು ಜಾಹೀರಾತು ಹಾಡಿನ ಸುಗ್ಗಿ. ಇದಕ್ಕಾಗಿ ಹಾಡನ್ನು ದೂರಬೇಕಾಗಿಲ್ಲ. ಮಿನಮಾತವನ್ನು ಹಾಡೆಂದು ಅದಕ್ಕೆ ಯಾರೂ ಹಣ ಕೊಡಲಿಲ್ಲ. ಆದರೆ ಆ ಹಾಡನ್ನೇ ಇಡೀ ಕಾಲದ ಪರವಾಗಿ ಸಾಕ್ಷಿ ಹೇಳಲು ಕರೆತರುವವರಿದ್ದಾರಲ್ಲ, ಅವರನ್ನು ಕೇಳಬೇಕು: ನಿಮ್ಮ ಸಾಕ್ಷಿಗೆ ಯಾವುದನ್ನು ಹೇಳಲು ಹಣ ಸಂದಿತ್ತು, ಯಾವುದಕ್ಕೆ ಸಂದಿರಲಿಲ್ಲ?

“ಹೋಗಲಿ ಬಿಡಿ, ಮುದುಕರು ನಾಲ್ಕು ಹನಿ ಕಣ್ಣೀರು ಹಾಕಿದರೆ ನಿಮ್ಮ ಗಂಟೇನು ಹೋಯಿತು?” ಎನ್ನಬಹುದು. ಅವರ ಕಣ್ಣೀರಿಗೆ ನನ್ನ ತಕರಾರಿಲ್ಲ. ಅದರಲ್ಲಿ ಆ ಹಸಿವು, ಆ ಕತ್ತಲೆ ಎಲ್ಲ ಕರಗಿವೆ. ನನ್ನ ತಕರಾರು, ಅವರ ನೆನಪಿನಿಂದ ಸಿಹಿಯನ್ನಷ್ಟೇ ಹಿಂಡಿ ಬಾಟಲಿಗೆ ತುಂಬಿ ಮೊಮ್ಮಕ್ಕಳಿಗೆ ಮಾರುವವರ ಮೇಲೆ. ಆ ಮೊಮ್ಮಕ್ಕಳು ತಮ್ಮ ಕಾಲದ ಕಷ್ಟಕ್ಕೆ ಮದ್ದು ಹುಡುಕುವುದನ್ನು ಬಿಟ್ಟು, ಎಂದೂ ಇಲ್ಲದಿದ್ದ ಒಂದು ಕಾಲಕ್ಕೆ ಹಿಂದಿರುಗಲು ಹಾತೊರೆಯುತ್ತಾರೆ.

ಹಾಡುಗಳನ್ನು ಮಾರುವವರು ಮಾರಲಿ. ಆದರೆ ಧ್ವನಿಮುದ್ರಿಕೆಯ ಜೊತೆಗಿಡುವ ಪುಸ್ತಿಕೆಯಲ್ಲಿ ಬರೆದವರು ಯಾರು, ಯಾವ ಬದುಕಿನಿಂದ ಬಂದವರು ಎಂಬುದನ್ನೂ ಅಚ್ಚುಮಾಡಲಿ. ಹಾತೊಯಾ ಹೋಟೆಲಿನ ಹಾಡನ್ನು ಗುನುಗುವ ಹುಡುಗ ಅದನ್ನು ಬರೆದವನ ತಂಗಿಯ ಕಥೆಯನ್ನೂ ಒಮ್ಮೆ ಓದಲಿ. ಆಮೇಲೂ ಆ ಹಾಡು ಅವನಿಗೆ ಇಷ್ಟವಾದರೆ, ಅವನು ಅದನ್ನು ಮೊದಲ ಬಾರಿಗೆ ಸರಿಯಾಗಿ ಕೇಳಿದನೆನ್ನಬಹುದು.