ಧ್ವನಿವರ್ಧಕದ ಗದ್ದಲದಲ್ಲಿ ಮರೆತುಹೋದ ಕಿವಿ

2022ರ ಬೇಸಿಗೆಯಲ್ಲಿ ರಾಜ್ಯದ ರಾಜಕೀಯವು ಹಲವು ವಾರಗಳ ಕಾಲ ಮಸೀದಿಯ ಧ್ವನಿವರ್ಧಕದ ಸುತ್ತ ಗಿರಕಿ ಹೊಡೆಯಿತು. ಅಝಾನ್‌ಗೆ ಪ್ರತಿಯಾಗಿ ಹನುಮಾನ್ ಚಾಲೀಸಾ ಮೊಳಗಿಸುವ ಕರೆಗಳು ಬಂದವು. ಮೇ ತಿಂಗಳಲ್ಲಿ ಸರಕಾರವು ಸುತ್ತೋಲೆ ಹೊರಡಿಸಿ, ಧ್ವನಿವರ್ಧಕ ಬಳಸುವವರೆಲ್ಲರೂ 15 ದಿನಗಳೊಳಗೆ ಅನುಮತಿ ಪಡೆಯಬೇಕೆಂದಿತು. ಟಿವಿ ಚರ್ಚೆಗಳಲ್ಲಿ ಧರ್ಮ, ಹಕ್ಕು, ಮತಬ್ಯಾಂಕ್ ಎಲ್ಲವೂ ಬಂದವು. ಆದರೆ ಯಾವ ಅಂಗದ ರಕ್ಷಣೆಗಾಗಿ 2000ದ ಶಬ್ದಮಾಲಿನ್ಯ ನಿಯಮಗಳು ರಚನೆಯಾದವೋ, 2005ರಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತೋ, ಆ ಕಿವಿಯ ಬಗ್ಗೆ ಮಾತ್ರ ಯಾರೂ ಮಾತನಾಡಲಿಲ್ಲ.

ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂಬುದು ನಿಯಮ. ಇದು ಒಂದು ಸಮುದಾಯಕ್ಕಷ್ಟೇ ಅನ್ವಯಿಸುವಂತಹದ್ದಲ್ಲ. ಹೊಸಪೇಟೆಯ ಬೀದಿಗಳಲ್ಲಿ ಗಣೇಶನ ಮೆರವಣಿಗೆಯ ಡಿಜೆಗೂ, ನಿಕಾಹ್‌ನ ಬಾರಾತಿನ ಡಿಜೆಗೂ, ಹಂಪಿ ಉತ್ಸವದ ವೇದಿಕೆಯ ಸ್ಪೀಕರಿಗೂ ಕಿವಿ ಒಂದೇ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಪ್ರತಿ ಮೂರು ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ನೂರಕ್ಕೆ ತಲುಪಿದಾಗ ಉಳಿಯುವುದು ಕೇವಲ ಹದಿನೈದು ನಿಮಿಷ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಹದಿನೈದು ಸಾವಿರದ ಆಸುಪಾಸಿನಲ್ಲಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಮದುವೆಯ ಡಿಜೆ ಪೆಟ್ಟಿಗೆಯ ಮುಂದೆ ತೊಟ್ಟಿಲ ಕೂಸನ್ನೆತ್ತಿಕೊಂಡು ನಿಲ್ಲುವ ತಂದೆಯರಿಗೆ ಇದನ್ನು ಯಾರು ಹೇಳಬೇಕು?

ಇದಕ್ಕಿಂತ ಗಂಭೀರವಾದ ವಿಚಾರ ಮನೆಯೊಳಗಿದೆ. ಮಗು ಹುಟ್ಟಿದ ಕೂಡಲೇ ಅದರ ಬಲಕಿವಿಯಲ್ಲಿ ಅಝಾನ್ ಹೇಳುವುದು ನಮ್ಮ ಸಂಪ್ರದಾಯ. ಈ ಲೋಕದಲ್ಲಿ ಮಗುವಿಗೆ ಸಿಗುವ ಮೊದಲ ಆತಿಥ್ಯವು ಕಿವಿಯ ಮೂಲಕವೇ. ಆದರೆ ಆ ಕಿವಿಗೆ ಅಝಾನ್ ಕೇಳಿಸಿತೇ ಎಂದು ವಿಚಾರಿಸುವ ಸಂಪ್ರದಾಯ ನಮ್ಮಲ್ಲಿ ಬೆಳೆಯಲಿಲ್ಲ. ವರ್ಷ ಕಳೆಯುತ್ತದೆ, ಎರಡು ಕಳೆಯುತ್ತದೆ. ಮಗು ಮಾತನಾಡುವುದಿಲ್ಲ. ತಾಯಿಗೆ ಸಂಶಯ ಮೊದಲೇ ಬಂದಿರುತ್ತದೆ. ಆದರೆ ಮನೆಯ ದಾದಿಯೋ ನಾನಿಯೋ, "ಗಂಡು ಮಕ್ಕಳು ತಡವಾಗಿ ಮಾತು ಕಲಿಯುತ್ತವೆ, ಇದರ ಅಪ್ಪನೂ ಹಾಗೆಯೇ ಇದ್ದ" ಎನ್ನುತ್ತಾರೆ. ಹೆಣ್ಣುಮಗುವಾದರೆ ಇನ್ನೊಂದು ಭಯ. ಊರಿಗೆ ತಿಳಿದರೆ ನಾಳೆ ಸಂಬಂಧ ಬರುವುದಿಲ್ಲ. ಅಂತೂ ನಾಲ್ಕೋ ಐದೋ ವರ್ಷವಾಗಿ ಶಾಲೆಗೆ ಸೇರಿಸುವಾಗ ಸತ್ಯ ಹೊರಬರುತ್ತದೆ. ಅಷ್ಟರಲ್ಲಿ ಭಾಷೆ ಕಲಿಯಲು ಮೆದುಳು ಅತ್ಯಂತ ಸಿದ್ಧವಾಗಿದ್ದ ಕಾಲವು ಬಹುಪಾಲು ಮುಗಿದಿರುತ್ತದೆ. ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿ ಎಂಬುದು ತಜ್ಞರು ಜಗತ್ತಿನಾದ್ಯಂತ ಒಪ್ಪಿರುವ ಲೆಕ್ಕ. ಒಎಇ ಮತ್ತು ಬೇರಾ ಎಂಬ ಪರೀಕ್ಷೆಗಳನ್ನು ಮಲಗಿರುವ ಹಸುಗೂಸಿಗೂ ಮಾಡಬಹುದು. ನೋವಿಲ್ಲ, ಚುಚ್ಚುವುದಿಲ್ಲ.

ಇದನ್ನೆಲ್ಲ ತಕ್ದೀರ್ ಎಂದು ತಳ್ಳಿಹಾಕುವವರಿದ್ದಾರೆ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇಳಿಸಿದ್ದಾನೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ಹಾಗೆನ್ನುವುದು ಸರಿಯಲ್ಲ. ಮಕ್ಕಳಲ್ಲಿನ ಶ್ರವಣ ನಷ್ಟದಲ್ಲಿ ಸುಮಾರು ಶೇ. 60ರಷ್ಟು ತಡೆಗಟ್ಟಬಹುದಾದ ಕಾರಣಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಉದಾಹರಣೆಗೆ ರುಬೆಲ್ಲಾ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ಈ ಸಣ್ಣ ಜ್ವರ ತಗಲಿದರೆ ಮಗುವಿನ ಕಿವಿ, ಕಣ್ಣು, ಹೃದಯಗಳಿಗೆ ಹಾನಿಯಾಗಬಹುದು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅದು ಉಚಿತವಾಗಿತ್ತು. ಆಗ ವಾಟ್ಸಾಪಿನಲ್ಲಿ ವದಂತಿಗಳು ಹರಡಿದವು. ಅಂದು ಲಸಿಕೆ ಪಡೆದ ಬಾಲಕಿಯರು ಇಂದು ಮದುವೆಯ ವಯಸ್ಸಿಗೆ ಬಂದಿದ್ದಾರೆ. ವದಂತಿ ನಂಬಿದ ಮನೆಗಳ ಬಾಲಕಿಯರೂ ಬಂದಿದ್ದಾರೆ. ಗರ್ಭಿಣಿಯಾದ ಬಳಿಕ ಈ ಲಸಿಕೆಯನ್ನು ಕೊಡಲಾಗುವುದಿಲ್ಲ. ಆದ್ದರಿಂದ ನಿಕಾಹ್‌ಗೆ ಮುನ್ನ ಬಟ್ಟೆ-ಬಂಗಾರದ ಪಟ್ಟಿ ಬರೆಯುವಾಗ ವೈದ್ಯರ ಬಳಿ ಈ ವಿಚಾರವನ್ನೂ ಕೇಳಿ ತಿಳಿದುಕೊಳ್ಳುವುದು ಅಗತ್ಯ.

ಇನ್ನು ರಕ್ತಸಂಬಂಧದ ಮದುವೆ. ಈ ವಿಷಯ ಎತ್ತಿದೊಡನೆ ಶರೀಅತಿನ ಮೇಲೆ ಆಕ್ಷೇಪವೆಂದು ಕೆಲವರು ಮುನಿಯುತ್ತಾರೆ. ದೊಡ್ಡಪ್ಪ-ಚಿಕ್ಕಪ್ಪ, ಮಾಮಾ, ಖಾಲಾರ ಮಕ್ಕಳನ್ನು ಮದುವೆಯಾಗಲು ಇಸ್ಲಾಮ್ ಅನುಮತಿಸಿದೆ, ಆಜ್ಞಾಪಿಸಿಲ್ಲ. ನಮ್ಮಲ್ಲಿ ನಿಷಿದ್ಧವಾಗಿರುವ ಸೋದರಮಾವ-ಸೊಸೆ ವಿವಾಹವು ಈ ಸೀಮೆಯ ಹಿಂದೂ ಬಾಂಧವರಲ್ಲಿ ರೂಢಿಯಲ್ಲಿದೆ. ಹೀಗಾಗಿ ಇದು ಒಂದು ಧರ್ಮದ ಸಮಸ್ಯೆಯಲ್ಲ. ಹುಟ್ಟುಕಿವುಡಿನ ದೋಷಯುಕ್ತ ಜೀನ್ ಒಂದನ್ನು ಗಂಡ-ಹೆಂಡತಿ ಇಬ್ಬರೂ ತಮಗರಿವಿಲ್ಲದೆ ಹೊತ್ತಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗು ಕಿವುಡಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆತನದೊಳಗೆ ತಲೆಮಾರುಗಳ ಕಾಲ ಸಂಬಂಧ ಬೆಳೆಸಿದಲ್ಲಿ ಅಂತಹ ಇಬ್ಬರು ಎದುರಾಗುವ ಸಂಭವ ಹೆಚ್ಚು. ಮನೆತನದಲ್ಲಿ ಈಗಾಗಲೇ ಒಬ್ಬರು ಕಿವುಡರಿದ್ದರೆ ಸಂಬಂಧವನ್ನು ಹೊರಗೆ ನೋಡುವುದೇ ವಿವೇಕ. ಆಸ್ತಿ ಹೊರಗೆ ಹೋಗಬಾರದೆಂಬ ಲೆಕ್ಕಾಚಾರಕ್ಕೆ ಮಗುವಿನ ಕಿವಿಯನ್ನು ಒತ್ತೆಯಿಡಬಾರದು.

ಕಿವಿ ಸೋರುವುದನ್ನು ನಮ್ಮ ಜನ ರೋಗವೆಂದೇ ಪರಿಗಣಿಸುವುದಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬಿಡುತ್ತಾರೆ, ಹತ್ತಿ ತುರುಕುತ್ತಾರೆ, ಮಗುವನ್ನು ಶಾಲೆಗೆ ಕಳುಹಿಸುತ್ತಾರೆ. ನೆಗಡಿಯ ಸೋಂಕು ಮೂಗಿನ ಹಿಂದಿನಿಂದ ನಡುಕಿವಿಗೆ ಹೋಗಿ, ಕೀವು ತುಂಬಿ, ಕಿವಿತಮಟೆ ತೂತಾಗಿರುತ್ತದೆ. ಕಂಪ್ಲಿಯಲ್ಲಿ ಹೊಳೆಗೂ ಕಾಲುವೆಗೂ ಜಿಗಿಯುವ ಹುಡುಗರಿಗೆ ಕೊರತೆಯಿಲ್ಲ. ತೂತಾದ ತಮಟೆಯೊಳಗೆ ಆ ನೀರು ಹೋದರೆ ಕೀವು ಎಂದಿಗೂ ಒಣಗದು. ದುರ್ವಾಸನೆಯ ಕೀವಾದರೆ ಒಂದು ದಿನವೂ ತಡಮಾಡಬಾರದು. ಅದು ಮೂಳೆಯನ್ನು ಸವೆಸಿ ಮೆದುಳಿಗೂ ತಲುಪಬಲ್ಲದು. ವೈದ್ಯರು ಕೊಟ್ಟ ಹನಿ, ಕಿವಿಯನ್ನು ಒಣಗಿಸಿಟ್ಟುಕೊಳ್ಳುವುದು, ಅಗತ್ಯವಿದ್ದರೆ ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ - ಇಷ್ಟರಲ್ಲಿ ಗುಣವಾಗುವ ಕಿವಿಯೊಂದನ್ನು ಎಣ್ಣೆ ಹೊಯ್ದು ಕಳೆದುಕೊಳ್ಳುವುದು ಎಂತಹ ದುರಂತ! ಜಾತ್ರೆ, ಸಂತೆಗಳಲ್ಲಿ ಸಲಾಕೆ ಹಿಡಿದು ಗುಗ್ಗೆ ತೆಗೆಯುವವರಿಗೆ ಕಿವಿಯೊಡ್ಡುವುದೂ ಇದೇ ಸಾಲಿಗೆ ಸೇರಿದ್ದು.

ಸಂಡೂರಿನ ಮಾತು ಬೇರೆ. ಅಲ್ಲಿನ ಅದಿರಿನ ಬಗ್ಗೆ ಲೋಕಾಯುಕ್ತ ವರದಿ ಬಂತು, 2011ರಲ್ಲಿ ಸುಪ್ರೀಮ್ ಕೋರ್ಟು ಗಣಿಗಾರಿಕೆಯನ್ನೇ ತಡೆಹಿಡಿಯಿತು, ಸರಕಾರಗಳು ಉರುಳಿದವು. ಕೊರೆಯುವ ಯಂತ್ರ, ಕ್ರಷರ್, ಡಂಪರುಗಳ ನಡುವೆ ದುಡಿದ ಕಾರ್ಮಿಕನ ಕಿವಿ ಆ ಯಾವ ಚರ್ಚೆಗೂ ವಿಷಯವಾಗಲಿಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 85 ಡೆಸಿಬಲನ್ನು ಎಚ್ಚರಿಕೆಯ ಮಿತಿಯೆಂದೂ 90ನ್ನು ಅಪಾಯದ ಮಿತಿಯೆಂದೂ ಗುರುತಿಸಿದೆ. ಶಬ್ದದಿಂದ ಬರುವ ಕಿವುಡು ಕಾನೂನಿನಲ್ಲಿ ಔದ್ಯೋಗಿಕ ರೋಗ. ಅದಕ್ಕೆ ಪರಿಹಾರವನ್ನೂ ಕೇಳಬಹುದು. ಆದರೆ ಅದು ಸದ್ದಿಲ್ಲದೆ ಬರುತ್ತದೆ. ಮೊದಲು ತೀಕ್ಷ್ಣ ಸ್ವರಗಳು ಮಾಯವಾಗುತ್ತವೆ, ಹೆಂಡತಿ-ಮಕ್ಕಳ ಮಾತು ಅಸ್ಪಷ್ಟವಾಗುತ್ತದೆ, ರಾತ್ರಿ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಇದಕ್ಕೆ ಔಷಧಿಯಿಲ್ಲ, ಕೆಲವೇ ರೂಪಾಯಿಗಳ ಕಿವಿಬಿರಡೆಯಿಂದ ತಡೆಯಬಹುದಷ್ಟೆ. ಗುತ್ತಿಗೆ ಕಾರ್ಮಿಕರು, ಲಾರಿ ಚಾಲಕರು, ಅಕ್ಕಿಗಿರಣಿಯ ಹಮಾಲರು ತಮ್ಮ ಮಾಲಕರಿಂದ ಕಿವಿಬಿರಡೆಯನ್ನೂ ವರ್ಷಕ್ಕೊಮ್ಮೆ ಶ್ರವಣ ತಪಾಸಣೆಯನ್ನೂ ಕೇಳಿ ಪಡೆಯಬೇಕು. ಸಂಘಟನೆಗಳು ಕೂಲಿಯ ಜೊತೆ ಇದನ್ನೂ ಬೇಡಿಕೆಯ ಪಟ್ಟಿಗೆ ಸೇರಿಸಲಿ.

ಹುಟ್ಟುಕಿವುಡಿಗೆ ದಾರಿಯೇ ಇಲ್ಲವೆಂಬ ಕಾಲ ಹೋಯಿತು. ಶ್ರವಣ ಸಾಧನದಿಂದ ಪ್ರಯೋಜನವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಲಕ್ಷಾಂತರ ರೂಪಾಯಿ ವೆಚ್ಚದ ಈ ಶಸ್ತ್ರಚಿಕಿತ್ಸೆಯು ಕೇಂದ್ರದ ಅಡಿಪ್ ಯೋಜನೆಯಲ್ಲಿಯೂ ರಾಜ್ಯದ 'ಶ್ರವಣ ಸಂಜೀವಿನಿ'ಯಲ್ಲಿಯೂ ಅರ್ಹ ಪುಟ್ಟ ಮಕ್ಕಳಿಗೆ ಉಚಿತವಾಗಿ ದೊರೆಯುತ್ತದೆ. ವಯಸ್ಸು ಮೀರಿದರೆ ಯೋಜನೆಯೂ ಇಲ್ಲ, ಫಲವೂ ಕಡಿಮೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಇಡೀ ದೇಶದ ಜನ ಅಲ್ಲಿಗೆ ಬರುತ್ತಾರೆ. ಹೊಸಪೇಟೆಯ ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ರೈಲು ಬದಲಿಸದೆ ಮೈಸೂರಿನಲ್ಲಿ ಇಳಿಯಬಹುದು. ಅಲ್ಲಿನ ಶಿಶುವಿಹಾರದಲ್ಲಿ ಮಗುವಿನ ಜೊತೆ ತಾಯಿಯೂ ಕುಳಿತು ಕಲಿಯುತ್ತಾಳೆ. ಏಕೆಂದರೆ ಯಂತ್ರವು ಶಬ್ದವನ್ನಷ್ಟೇ ಕೊಡುತ್ತದೆ, ಮಾತನ್ನು ಮನೆಯಲ್ಲಿಯೇ ಕಲಿಸಬೇಕು.

ಶಸ್ತ್ರಚಿಕಿತ್ಸೆ ಉಚಿತವಾದರೂ ಬಳಿಕದ ಖರ್ಚು ಹಗುರವಲ್ಲ. ಬ್ಯಾಟರಿ, ವೈರು, ಕೆಲವು ವರ್ಷಗಳ ನಂತರ ಹೊರಗಿನ ಯಂತ್ರದ ಬದಲಾವಣೆ, ವಾರವಾರದ ವಾಕ್ ತರಬೇತಿಗೆ ಪ್ರಯಾಣ. ದಿನಗೂಲಿಯ ತಂದೆ ಎಡವುವುದು ಇಲ್ಲಿಯೇ. ಯಂತ್ರ ಕೆಟ್ಟು ಕಪಾಟು ಸೇರಿದರೆ ಮಗು ಮತ್ತೆ ಮೌನಕ್ಕೆ ಮರಳುತ್ತದೆ. ರಮಝಾನ್‌ನಲ್ಲಿ ಇಫ್ತಾರ್ ಕೂಟಗಳಿಗೆ ಧಾರಾಳವಾಗಿ ಹರಿಯುವ ಹಣದ ಒಂದು ಪಾಲು ಬೈತುಲ್‌ಮಾಲ್ ಮೂಲಕ ಇತ್ತ ಹರಿಯುವುದಕ್ಕೆ ಅಡ್ಡಿಯೇನು? ಇಂತಹ ಬಡ ಕುಟುಂಬಗಳು ಝಕಾತಿಗೆ ಅರ್ಹವೇ ಎಂದು ಉಲಮಾಗಳಲ್ಲಿ ಯಾರೂ ಸಂಶಯಪಡಲಾರರು.

ವಯಸ್ಸು ಮೀರಿದ ಮಕ್ಕಳನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಅವರಿಗೆ ಸಂಜ್ಞಾಭಾಷೆಯಿದೆ, ಅದು ಪೂರ್ಣ ಭಾಷೆ, ಕೈಸನ್ನೆಯ ಆಟವಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನ ಮಸೀದಿಯೊಂದರಲ್ಲಿ ಜುಮಾ ಖುತ್ಬಾವನ್ನು ಸಂಜ್ಞಾಭಾಷೆಗೆ ಅನುವಾದಿಸಲಾಗುತ್ತದೆ. ನಮ್ಮ ಊರುಗಳಲ್ಲಿ ಕಿವುಡ ಯುವಕನು ಪ್ರತಿ ಶುಕ್ರವಾರ ಅರ್ಧ ಗಂಟೆ ಖತೀಬರ ತುಟಿಗಳನ್ನು ನೋಡಿ ಎದ್ದುಹೋಗುತ್ತಾನೆ.

ಒಂದು ವ್ಯಾವಹಾರಿಕ ವಿಷಯ ಉಳಿದಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲಿಯೇ ಉಳಿದವು. ಚಿಕಿತ್ಸೆಗೆ ಹೊಸಪೇಟೆ ಹತ್ತಿರವಾದರೂ ಈ ಎರಡು ತಾಲೂಕಿನವರ ಸರಕಾರಿ ಕಡತ ಬಳ್ಳಾರಿಗೆ ಹೋಗುತ್ತದೆ. ಅಂಗವಿಕಲ ಗುರುತಿನ ಚೀಟಿಗಾಗಿ ತಪ್ಪು ಕಚೇರಿಯ ಮುಂದೆ ದಿನಗೂಲಿ ಕಳೆದುಕೊಳ್ಳದಿರಿ. ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರಬೇಕು, ಅಲ್ಲಿಂದ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆಯಿದೆ. ತಂಡ ಬರುವ ದಿನಾಂಕವನ್ನು ಆಶಾ ಕಾರ್ಯಕರ್ತೆಯಿಂದ ಪಡೆದು ಮಸೀದಿಯ ಫಲಕದಲ್ಲಿ ಬರೆಯುವ ಕೆಲಸವನ್ನು ಜಮಾಅತ್ ಕಮಿಟಿಗಳು ಈ ಶುಕ್ರವಾರದಿಂದಲೇ ಆರಂಭಿಸಬಹುದು. ನಮಾಝಿನ ವೇಳಾಪಟ್ಟಿಯ ಕೆಳಗೆ ಅಷ್ಟು ಜಾಗವಿದೆ.