ಫೋಟೊ ಆದ ಮೇಲೆ ಕಿಡ್ನಿ ಯಾರ ಜವಾಬ್ದಾರಿ?



ಕಿಡ್ನಿ ಕಸಿ ಯಶಸ್ವಿಯಾದ ಸುದ್ದಿ ಬಂದಾಗಲೆಲ್ಲ ಜೊತೆಗೆ ಹೂಗುಚ್ಛ ಹಿಡಿದ ಫೋಟೊ ಇರುತ್ತದೆ. ಆರು ತಿಂಗಳ ಮೇಲೆ ಆ ರೋಗಿ ಹೇಗಿದ್ದಾನೆಂದು ಯಾವ ಪತ್ರಿಕೆಯೂ ಕೇಳುವುದಿಲ್ಲ. ಸಂಪಾದಕರೇ, ನಿಮ್ಮದೂ ಕೇಳಿಲ್ಲ.

ನಮ್ಮ ಮನೆತನದಲ್ಲೇ ತಾಯಿಯ ಕಿಡ್ನಿ ಪಡೆದ ಹುಡುಗನೊಬ್ಬನಿದ್ದಾನೆ. ಕಳೆದ ಬೇಸಿಗೆಯಲ್ಲಿ ಅವನಿಗೆ ತಡೆಯಲಾರದ ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ಮೈಯಲ್ಲಿ ತ್ರಾಣವಿಲ್ಲ. ಟ್ಯಾಂಕರ್ ದಾರಿ ಕಾಯುವ, ಮಹಾರಾಷ್ಟ್ರದೊಳಗಿನ ನಮ್ಮ ಕನ್ನಡ ಜತ್ತ ಸೀಮೆಯಲ್ಲಿ ನೀರಡಿಕೆಯನ್ನು ರೋಗ ಅನ್ನುವವರಾರು? ಬಿಸಿಲು ಹತ್ತೇತಿ ಅಂದೆವು. ಕಡೆಗೆ ವಿಜಯಪುರದಲ್ಲಿ ರಕ್ತ ತೋರಿಸಿದರೆ ಕ್ಯಾಲ್ಸಿಯಂ 12 ದಾಟಿತ್ತು. ಅದು ಸುಮಾರು 10.5ರೊಳಗೆ ಇರಬೇಕಾದದ್ದು. ಡಯಾಲಿಸಿಸ್ ದಿನಗಳಲ್ಲಿ ರಕ್ತದ ರಂಜಕ (ಫಾಸ್ಫರಸ್) ತಗ್ಗಿಸಲೆಂದು ಊಟದ ಜೊತೆ ಕೊಟ್ಟಿದ್ದ ಕ್ಯಾಲ್ಸಿಯಂ ಗುಳಿಗೆಯನ್ನು ಅವನು ಇನ್ನೂ ನುಂಗುತ್ತಿದ್ದ. ನಿಲ್ಲಿಸಬೇಕೆಂದು ಡಿಸ್ಚಾರ್ಜ್ ಕಾಗದದಲ್ಲಿ ಬರೆದೇ ಇತ್ತು, ಇಂಗ್ಲಿಷಿನಲ್ಲಿ.

ತಪ್ಪೆಲ್ಲ ಗುಳಿಗೆಯದೂ ಅಲ್ಲ. ಕೊರಳಲ್ಲಿ ಥೈರಾಯ್ಡ್ ಹಿಂದೆ ಕಾಳಿನಷ್ಟು ದಪ್ಪದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಕಿಡ್ನಿ ಕೆಟ್ಟ ವರ್ಷಗಳಲ್ಲಿ ಅವು ಹಗಲಿರುಳು ದುಡಿದು ಊದಿಕೊಂಡಿರುತ್ತವೆ. ಹೊಸ ಕಿಡ್ನಿ ಬಂದರೂ ಕೆಲವರಲ್ಲಿ ಹಳೆಯ ಚಾಳಿ ಬಿಡುವುದಿಲ್ಲ, ಎಲುಬಿನ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತಲೇ ಇರುತ್ತವೆ. ಇತ್ತ ಹೊಸ ಕಿಡ್ನಿ ವಿಟಮಿನ್ ಡಿಯನ್ನು ಚುರುಕುಗೊಳಿಸುವುದರಿಂದ ಕರುಳೂ ಹೆಚ್ಚು ಹೀರುತ್ತದೆ. ಕ್ಯಾಲ್ಸಿಯಂ ಏರಿದಷ್ಟೂ ಮೈಯ ನೀರು ಮೂತ್ರವಾಗಿ ಹೋಗುತ್ತದೆ, ಮೈ ಒಣಗಿದಷ್ಟೂ ಕ್ಯಾಲ್ಸಿಯಂ ಮತ್ತೆ ಏರುತ್ತದೆ. ತಾಯಿ ಕೊಟ್ಟ ಕಿಡ್ನಿಯಲ್ಲೇ ಸುಣ್ಣ ಕಟ್ಟುವ ಭಯ ಆಮೇಲಿನದು. (ಸುಣ್ಣ ಅಂದಾಗ ನೆನಪಾಯಿತು: ಎಲೆ-ಅಡಿಕೆಯ ಸುಣ್ಣವೂ ಅತಿಯಾದರೆ ಕ್ಯಾಲ್ಸಿಯಂ ಏರಿಸಬಲ್ಲದು. ನಮ್ಮ ಕಡೆ ಅದನ್ನು ಕೇಳದೆ ಔಷಧ ಬರೆಯುವುದು ಅರ್ಧ ಕೆಲಸ.) ಹಾಗಂತ ಕಸಿಯಾದವರು ಇದನ್ನೋದಿ ಕ್ಯಾಲ್ಸಿಯಂ ಗುಳಿಗೆ ತಾವೇ ನಿಲ್ಲಿಸಬಾರದು. ಸ್ಟೀರಾಯ್ಡಿನಿಂದ ಎಲುಬು ಸವೆಯುವುದನ್ನು ತಡೆಯಲು ಕೆಲವರಿಗೆ ಅದು ಬೇಕಾಗುತ್ತದೆ.

ಇನ್ನು ಸರ್ಕಾರದ ಮಾತು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯಲ್ಲಿ ಕಸಿಯ ಮೊತ್ತವನ್ನು 2023ರಲ್ಲಿ ಎರಡೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷಕ್ಕೆ ಏರಿಸಲಾಯಿತು. ಒಳ್ಳೆಯದೇ. ಅದೇ ವರ್ಷ ಮಹಾರಾಷ್ಟ್ರ ಈ ಯೋಜನೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೂ ವಿಸ್ತರಿಸಿತು. ಮರಾಠಿಯ ಮೇಲಿನ ಪ್ರೀತಿ ಇರಬೇಕು. ಅದಕ್ಕೂ ಮುಂಚೆ, 2022ರ ಕೊನೆಗೆ, ಜತ್ತದ ಹಳ್ಳಿಗಳು ಯಾರ ಪಾಲೆಂದು ಎರಡೂ ಸರ್ಕಾರಗಳು ಜಗಳಾಡಿದ್ದವು. ಆ ಪ್ರೀತಿಯಲ್ಲಿ ಒಂದು ಚೂರು ನಮ್ಮ ಡಿಸ್ಚಾರ್ಜ್ ಕಾಗದಕ್ಕೂ ಬರಲಿ. ಯಾವ ಗುಳಿಗೆ ಬೇಕು, ಯಾವುದು ಬೇಡ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡಲು ಗಡಿ ವಿವಾದ ತೀರಬೇಕಿಲ್ಲ.

ಇನ್ನೊಂದು ಮಾತು. ಕಸಿಯಾದ ಆರಂಭದಲ್ಲಿ, ಮಟ್ಟ ನೆಲೆಗೊಳ್ಳುವವರೆಗೆ, ವಾರಕ್ಕೊಮ್ಮೆಯಾದರೂ ಕ್ಯಾಲ್ಸಿಯಂ ಮತ್ತು ರಂಜಕ ನೋಡಬೇಕೆಂದು ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯೇ ಹೇಳುತ್ತದೆ. ಇಷ್ಟಕ್ಕಾಗಿ ನಮ್ಮೂರು ಮಾಡಗ್ಯಾಳದವನು ಪ್ರತಿ ಸಲ ದಿನಗೂಲಿ ಬಿಟ್ಟು ಸಾಂಗ್ಲಿ-ಮೀರಜದ ಬಸ್ಸು ಹತ್ತಬೇಕೆ? ರಕ್ತವನ್ನು ಜತ್ತದಲ್ಲೇ ತೆಗೆಯಲಿ, ವರದಿ ಕಸಿ ಮಾಡಿದ ವೈದ್ಯರ ಫೋನಿಗೆ ಹೋಗಲಿ. ನಮ್ಮ ಹುಡುಗನಿಗೆ ಬರುವ ತಿಂಗಳು ಮತ್ತೆ ಪರೀಕ್ಷೆಯಿದೆ. ಬಸ್ಸು ಬೆಳಗಿನ ಜಾವ ಹಿಡಿಯಬೇಕು.

— ಓದುಗ, ಮಾಡಗ್ಯಾಳ (ಜತ್ತ ತಾಲ್ಲೂಕು)